ವಿಡಿಯೋ ಕಾಲ್: ಕ್ಯಾಮೆರಾ ಬದಲಾಯಿಸೋ ಮುಂಚೆ ಕುರ್ಚಿ ತಿರುಗಿಸಿ ನೋಡಿ

ಕಾಲ್‌ನಲ್ಲಿ ಮುಖ ಚೆನ್ನಾಗಿ ಕಾಣ್ತಿಲ್ಲ ಅಂದ ತಕ್ಷಣ ಎಲ್ರೂ ಹೊಸ ವೆಬ್‌ಕ್ಯಾಮ್ ಹುಡುಕ್ತಾರೆ. ಅದು ಆಮೇಲಿನ ಮಾತು, ಮೊದ್ಲು ಕಿಟಕಿ ಎಲ್ಲಿದೆ ನೋಡಿ. ಬೆನ್ನ ಹಿಂದೆ ಇದ್ರೆ ಕ್ಯಾಮೆರಾ ಆ ಬೆಳಕಿಗೆ ತಕ್ಕಂಗೆ ಎಕ್ಸ್‌ಪೋಶರ್, ಅಂದ್ರೆ ಒಳಗೆ ತಗೊಳ್ಳೋ ಬೆಳಕನ್ನ ಇಳಿಸಿಬಿಡುತ್ತೆ, ನಿಮ್ಮ ಮುಖ ಬರೀ ನೆರಳಾಗುತ್ತೆ, ಸೆಟ್ಟಿಂಗ್ಸ್ ಎಷ್ಟು ತಡಕಾಡಿದ್ರೂ ಅಷ್ಟೇ. ಕಿಟಕಿಗೆ ಮುಖ ಮಾಡಿ ಕೂತ್ಕೊಳ್ಳಿ.

ರಾತ್ರಿ ಆದ್ರೆ ಟೇಬಲ್ ಲ್ಯಾಂಪನ್ನ ಮುಖಕ್ಕೆ ನೇರ ಹಿಡೀಬೇಡಿ, ಎದುರಿನ ಬಿಳಿ ಗೋಡೆಗೆ ಬಿಡಿ, ಅಲ್ಲಿಂದ ವಾಪಸ್ ಬರೋ ಬೆಳಕು ಮೆತ್ತಗಿರುತ್ತೆ. ಲ್ಯಾಪ್‌ಟಾಪ್ ಕ್ಯಾಮೆರಾದ ಸೆನ್ಸರ್, ಅಂದ್ರೆ ಬೆಳಕು ಹಿಡಿಯೋ ಚಿಪ್ಪು, ತೀರಾ ಚಿಕ್ಕದು, ಬೆಳಕು ಸಾಲದಿದ್ರೆ ಕ್ಯಾಮೆರಾ ಸಿಕ್ಕಿದ ಮಂಕು ಸಿಗ್ನಲ್ಲನ್ನೇ ಹಿಗ್ಗಿಸುತ್ತೆ, ಆಗ್ಲೇ ಮುಖದ ತುಂಬಾ ಚುಕ್ಕಿ ಚುಕ್ಕಿ ಬರೋದು, ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ತಗೊಳ್ಳುತ್ತೆ, ಅದಕ್ಕೇ ಕೈ ಆಡಿಸಿದ್ರೆ ಮಸುಕಾಗೋದು. ಕ್ಯಾಮೆರಾ ಕಳಪೆ ಅಂತ ಬೈತೀವಲ್ಲ, ಎಷ್ಟೋ ಸಲ ಕಳಪೆ ಇರೋದು ರೂಮಿನ ಬೆಳಕು. ಕನ್ನಡಕದವ್ರು ದೀಪನ ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಇಟ್ಕೊಂಡ್ರೆ ಗಾಜಲ್ಲಿ ಹೊಳೆಯೋದು ಕಮ್ಮಿಯಾಗುತ್ತೆ. ಚಿತ್ರ ಮಿಣಮಿಣ ಅಂತಿದ್ರೆ ಕ್ಯಾಮೆರಾ ಸೆಟ್ಟಿಂಗಲ್ಲಿ ಆಂಟಿ ಫ್ಲಿಕರ್ ಅಂತ ಇರುತ್ತೆ, ನಿಮ್ಮಲ್ಲಿ ಕರೆಂಟಿನ ಫ್ರೀಕ್ವೆನ್ಸಿ ಎಷ್ಟೋ ಅದಕ್ಕೆ ಸರಿಯಾಗಿ 50 ಅಥವಾ 60 ಹರ್ಟ್ಸ್ ಆರಿಸಿ.

ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಡಿ, ಲೆನ್ಸು ಕಣ್ಣಿನ ಮಟ್ಟಕ್ಕೆ ಬರ್ಲಿ, ಇಲ್ಲಾಂದ್ರೆ ಎದುರಿನವ್ರಿಗೆ ಕಾಣೋದು ನಿಮ್ಮ ಮೂಗಿನ ಹೊಳ್ಳೆ ಮತ್ತೆ ಸೀಲಿಂಗ್ ಫ್ಯಾನು. ಒಂದು ತೋಳಿನಷ್ಟು ದೂರ ಕೂತ್ಕೊಳ್ಳಿ, ತೀರಾ ಹತ್ರ ಹೋದ್ರೆ ಮೂಗು ದೊಡ್ಡದಾಗುತ್ತೆ. ಲೆನ್ಸ್ ಒರೆಸಿ. ಸಣ್ಣ ಸಣ್ಣ ಗೆರೆ ಇರೋ ಶರ್ಟ್ ಬೇಡ, ಸ್ಕ್ರೀನಲ್ಲಿ ಅಲೆ ಅಲೆಯಾಗಿ ಕುಣಿಯುತ್ತೆ. ಎದುರಿನವ್ರ ವಿಂಡೋನ ಚಿಕ್ಕದು ಮಾಡಿ ಲೆನ್ಸಿನ ಕೆಳಗೇ ಎಳ್ಕೊಂಡ್ರೆ ಅವ್ರನ್ನೇ ನೋಡಿ ಮಾತಾಡ್ದಂಗೆ ಕಾಣುತ್ತೆ.

ಇಷ್ಟೆಲ್ಲ ಮಾಡ್ಕೊಂಡು ನಾನೊಮ್ಮೆ ಹತ್ತು ನಿಮಿಷ ಭಾರಿ ಗತ್ತಲ್ಲಿ ಮಾತಾಡಿದೆ, ಕೊನೇಲಿ ಒಬ್ರು ಕೇಳಿದ್ದು ಒಂದೇ ಪ್ರಶ್ನೆ, ಸಾರ್ ಬಾತ್‌ರೂಮಿಂದ ಮಾತಾಡ್ತಿದೀರಾ? ಖಾಲಿ ಗೋಡೆ, ಖಾಲಿ ನೆಲ, ದನಿ ಅಲ್ಲೇ ಬಡ್ಕೊಂಡು ಬರ್ತಿತ್ತು. ಚಿತ್ರ ಸ್ವಲ್ಪ ಮಸುಕಾದ್ರೆ ಜನ ಸಹಿಸ್ಕೋತಾರೆ, ಮಾತು ಅರ್ಥ ಆಗದಿದ್ರೆ ಸಹಿಸಲ್ಲ. ಹಾಸಿಗೆ, ದಪ್ಪ ಪರದೆ, ಪುಸ್ತಕದ ಕಪಾಟು ಇರೋ ರೂಮಲ್ಲಿ ಕೂತ್ರೆ ಅರ್ಧ ಕೆಲಸ ಆಯ್ತು. ಉಳಿದರ್ಧ ಮೈಕು ಬಾಯಿಗೆ ಎಷ್ಟು ಹತ್ರ ಇದೆ ಅನ್ನೋದು: ದೂರ ಎರಡರಷ್ಟಾದ್ರೆ ನೇರ ಬರೋ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತೆ, ರೂಮಿನ ಗದ್ದಲ ಮಾತ್ರ ಹಂಗೇ ಇರುತ್ತೆ. ಹಾಗಾಗಿ ಹಳೇ ವೈರ್ ಇಯರ್‌ಫೋನೇ ವಾಸಿ, ಮೈಕು ಕಾಲರಿಗೆ ಉಜ್ಜದಂಗೆ ನೋಡ್ಕೊಳ್ಳಿ. ಬ್ಲೂಟೂತ್ ಹೆಡ್‌ಸೆಟ್‌ಗಳಲ್ಲಿ ಮೈಕ್ ಆನ್ ಆದ ಕೂಡ್ಲೇ ಆಡಿಯೋ ಕ್ವಾಲಿಟಿ ಇಳಿಯೋದು ಮಾಮೂಲಿ, ಹಾಡು ಚೆನ್ನಾಗಿ ಕೇಳುತ್ತೆ ಅಂತ ನಂಬ್ಕೊಂಡು ಮೋಸ ಹೋಗ್ಬೇಡಿ.

ಝೂಮ್‌ನ ಆಡಿಯೋ ಸೆಟ್ಟಿಂಗಲ್ಲಿ ಮೈಕ್ ಟೆಸ್ಟ್ ಒತ್ತಿದ್ರೆ ನಿಮ್ಮ ದನಿನೇ ರೆಕಾರ್ಡಾಗಿ ವಾಪಸ್ ಕೇಳುತ್ತೆ, ಮೀಟಿಂಗ್‌ಗೆ ಐದು ನಿಮಿಷ ಮುಂಚೆ ಅದನ್ನ ಕೇಳಿ. ಅಲ್ಲೇ ಯಾವ ಮೈಕ್ ಸೆಲೆಕ್ಟ್ ಆಗಿದೆ ಅಂತಾನೂ ನೋಡ್ಬಿಡಿ, ಒಂದೊಂದ್ಸಲ ಕಂಪ್ಯೂಟರು ಪಕ್ಕದ ರೂಮಲ್ಲಿ ಬಿದ್ದಿರೋ ಬ್ಲೂಟೂತ್ ಹೆಡ್‌ಸೆಟ್‌ಗೇ ಕನೆಕ್ಟ್ ಆಗಿ ಕೂತಿರುತ್ತೆ.