ನಿಮ್ಮ ಎತ್ತರಕ್ಕೆ ನಿಮ್ಮದೇ ಹೂಪ್: ತೋಟದ ಕಪ್ಪು ಪೈಪಿನಿಂದ

ತೀರ್ಥಹಳ್ಳಿ ಹತ್ತಿರದ ನನ್ನ ತಮ್ಮನ ಅಡಿಕೆ ತೋಟದಲ್ಲಿ, ಕೊಟ್ಟಿಗೆಯ ಅಟ್ಟದ ಮೇಲೆ ಕಪ್ಪು ಪೈಪಿನ ಸುರುಳಿಯೊಂದು ಮೂರು ಮಳೆಗಾಲ ಬಿದ್ದಿತ್ತು. ಸ್ಪ್ರಿಂಕ್ಲರ್ ಹಾಕಿಸಿದಾಗ ಉಳಿದದ್ದು. "ಅಕ್ಕಾ, ಬೇಕಿದ್ದರೆ ತೆಗೆದುಕೊಂಡು ಹೋಗು, ಇಲ್ಲವಾದರೆ ಗುಜರಿಗೆ ಹಾಕುತ್ತೇನೆ" ಎಂದ. ಕಟ್ಟು ಬಿಚ್ಚಿ ಅಂಗಳದಲ್ಲಿ ಹರಡಿದೆ. ಪೈಪು ನೆಟ್ಟಗಾಗಲಿಲ್ಲ. ದೊಡ್ಡ ಬಳೆಯ ಹಾಗೆ ಬಾಗಿಯೇ ಉಳಿಯಿತು. ನಾನು ಎರಡು ತಿಂಗಳಿಂದ ಹುಡುಕುತ್ತಿದ್ದ ವಸ್ತು ಅದೇ ಎಂದು ಆಗ ಹೊಳೆಯಿತು.

ಆ ಎರಡು ತಿಂಗಳೂ ನಾನು ಶಿವಮೊಗ್ಗದ ನಮ್ಮ ಮನೆಯ ತಾರಸಿಯಲ್ಲಿ ಆಟಿಕೆ ಅಂಗಡಿಯ ಹೂಲಾ ಹೂಪ್, ಅಂದರೆ ಸೊಂಟಕ್ಕೆ ಹಾಕಿಕೊಂಡು ಸುತ್ತಿಸುವ ಬಳೆ, ಹಿಡಿದು ಒದ್ದಾಡಿದ್ದೆ. ಎಂಟು ಬಣ್ಣದ ತುಂಡುಗಳನ್ನು ಸಿಕ್ಕಿಸಿ ಮಾಡುವ ಹಗುರವಾದ ರಿಂಗ್ ಅದು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಕಾಲು ಕಿಲೋ ಕೂಡ ತೂಗುತ್ತಿರಲಿಲ್ಲ. ಮೂರು ಸುತ್ತು ಸುತ್ತುವಷ್ಟರಲ್ಲಿ ಮೊಣಕಾಲಿಗೆ ಜಾರುತ್ತಿತ್ತು. ನಲವತ್ತಮೂರನೆಯ ವಯಸ್ಸಿಗೆ ಸೊಂಟ ಬಾಗುವುದಿಲ್ಲವೇನೋ ಎಂದುಕೊಂಡಿದ್ದೆ. ನಮ್ಮ ಬೀದಿಯಲ್ಲಿ ಹೂಪ್ ಹಿಡಿದು ಕೈಬಿಟ್ಟ ಹೆಂಗಸರೆಲ್ಲ ಹೇಳುವ ಮಾತೂ ಅದೇ: "ನನಗೆ ಬರುವುದಿಲ್ಲ." ಅವರಿಗೆಲ್ಲ ನಾನು ಹೇಳುವುದು ಇಷ್ಟು: ತಪ್ಪು ನಿಮ್ಮ ಸೊಂಟದ್ದಲ್ಲ, ಆ ರಿಂಗಿನದು. ಅದು ಎಂಟು ವರ್ಷದ ಮಗುವಿನ ಅಳತೆಗೆ ಮಾಡಿದ್ದು. ಹೂಪ್ ಚಿಕ್ಕದಾದಷ್ಟೂ ಬೇಗ ಸುತ್ತುತ್ತದೆ, ಆ ವೇಗಕ್ಕೆ ಸೊಂಟ ಸಾಟಿಯಾಗಬೇಕು. ದೊಡ್ಡದಾಗಿ, ಒಂದಿಷ್ಟು ಭಾರವೂ ಇದ್ದರೆ ಅದು ನಿಧಾನವಾಗಿ, ತನ್ನದೇ ಓಘದಲ್ಲಿ ಬರುತ್ತದೆ. ನೀವು ಸಮಯ ನೋಡಿಕೊಂಡು ಒಂದು ತಳ್ಳು ಕೊಟ್ಟರೆ ಸಾಕು.

ಮೊದಲು ಅಳತೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ನೆಲದಿಂದ ಹೊಕ್ಕುಳಿನವರೆಗಿನ ಎತ್ತರ ನೋಡಿ. ಹೂಪನ್ನು ನೆಲದ ಮೇಲೆ ನಿಲ್ಲಿಸಿದಾಗ ಅದರ ಮೇಲಂಚು ಹೊಕ್ಕುಳಿಗೆ ಬರಬೇಕು. ಹೊಸಬರಿಗೆ ಅದಕ್ಕಿಂತ ನಾಲ್ಕು ಬೆರಳು ಮೇಲಿದ್ದರೆ ಇನ್ನೂ ಒಳ್ಳೆಯದು. ನನ್ನ ಎತ್ತರ ಐದು ಅಡಿ ಎರಡು ಇಂಚು. ನನಗೆ 100 ಸೆಂಟಿಮೀಟರ್ ವ್ಯಾಸದ ಹೂಪ್ ಹೇಳಿ ಮಾಡಿಸಿದಂತೆ ಕೂತಿತು. ವ್ಯಾಸವನ್ನು 3.14ರಿಂದ ಗುಣಿಸಿದರೆ ಎಷ್ಟು ಪೈಪು ಬೇಕೆಂಬುದು ಸಿಗುತ್ತದೆ. 100ಕ್ಕೆ 314 ಸೆಂಟಿಮೀಟರ್, 110ಕ್ಕೆ 345. ಹತ್ತು ವರ್ಷದ ಮಗುವಿಗೆ 75 ಸಾಕು, ಅಂದರೆ 236 ಸೆಂಟಿಮೀಟರ್ ಪೈಪು. ದಪ್ಪ ಮೈಯವರು ಹತ್ತು ಸೆಂಟಿಮೀಟರ್ ಹೆಚ್ಚು ವ್ಯಾಸ ಇಟ್ಟುಕೊಳ್ಳಿ. ಮೊದಲ ಹೂಪಿಗೆ ಜಿಪುಣತನ ಬೇಡ. ದೊಡ್ಡದನ್ನು ಮುಂದೆ ಕತ್ತರಿಸಿ ಚಿಕ್ಕದು ಮಾಡಬಹುದು.

ಇನ್ನು ಪೈಪು. ಕೃಷಿ ಪೈಪಿನ ಅಂಗಡಿಯಲ್ಲಿ ಸುರುಳಿಯಾಗಿ ಸಿಗುವ, ಬೋರ್‌ವೆಲ್‌ಗೂ ನಲ್ಲಿ ಸಂಪರ್ಕಕ್ಕೂ ಬಳಸುವ, ಗಟ್ಟಿಯಾದರೂ ಬಾಗುವ ಪ್ಲಾಸ್ಟಿಕ್ಕಿನ ಕಪ್ಪು ಎಚ್‌ಡಿಪಿಇ ಪೈಪು ಬೇಕು. ಹೊರ ಅಳತೆ 25 ಮಿಲಿಮೀಟರ್. ನೆಟ್ಟಗಿನ ಪಿವಿಸಿ ಪೈಪು ಬೇಡ. ಅದು ಬಾಗುವುದಿಲ್ಲ, ಒತ್ತಾಯ ಮಾಡಿದರೆ ಒಡೆಯುತ್ತದೆ. ಹನಿ ನೀರಾವರಿಯಲ್ಲಿ ಗಿಡದ ಸಾಲಿನುದ್ದಕ್ಕೂ ಎಳೆಯುವ 16 ಮಿಲಿಮೀಟರ್ ಲ್ಯಾಟರಲ್ ಪೈಪು ಮೆತ್ತಗೆ, ತೆಳ್ಳಗೆ. ದೊಡ್ಡ ಹೂಪ್ ಮಾಡಿದರೆ ಸುತ್ತುವಾಗ ಮೊಟ್ಟೆಯಾಕಾರಕ್ಕೆ ಹೋಗುತ್ತದೆ. ಅದನ್ನು ಎಸೆಯಬೇಡಿ, ಮುಂದೆ ಕೆಲಸವಿದೆ. 25ರ ಪೈಪಿನ ಗೋಡೆ ಸುಮಾರು 2.3 ಮಿಲಿಮೀಟರ್ ದಪ್ಪವಿದ್ದರೆ ನನ್ನ ಅಳತೆಯ ಹೂಪ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಅಷ್ಟು ಸಾಕು. ಒಂದೂವರೆ, ಎರಡು ಕಿಲೋ ಭಾರದ ಹೂಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಸೊಂಟದ ಮೂಳೆಯ ಮೇಲಿನ ಚರ್ಮ ಕಂದುಗಟ್ಟುತ್ತದೆ, ಕಲಿಯುವ ಖುಷಿಯೇ ಹೋಗುತ್ತದೆ.

ಈ ಪೈಪಿನ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. 1958ರಲ್ಲಿ ಕ್ಯಾಲಿಫೋರ್ನಿಯಾದ ವ್ಯಾಮ್-ಓ ಕಂಪನಿಯ ರಿಚರ್ಡ್ ನೆರ್ ಮತ್ತು ಆರ್ಥರ್ ಮೆಲಿನ್ ಪ್ಲಾಸ್ಟಿಕ್ ಹೂಲಾ ಹೂಪನ್ನು ಮಾರುಕಟ್ಟೆಗೆ ತಂದು ಅಮೆರಿಕವನ್ನೇ ಕುಣಿಸಿದರು. ಆಸ್ಟ್ರೇಲಿಯಾದ ಮಕ್ಕಳು ವ್ಯಾಯಾಮಕ್ಕೆ ಬಳಸುತ್ತಿದ್ದ ಬಿದಿರಿನ ರಿಂಗ್‌ಗಳ ಸುದ್ದಿ ಅವರಿಗೆ ತಲುಪಿತ್ತು. ಅವರು ಬಳಸಿದ ಮಾರ್ಲೆಕ್ಸ್ ಎಂಬ ಪ್ಲಾಸ್ಟಿಕ್ಕೂ ನಮ್ಮ ತೋಟದ ಪೈಪಿನ ಎಚ್‌ಡಿಪಿಇಯೂ ಒಂದೇ ಜಾತಿ, ಪಾಲಿಎಥಿಲೀನ್. ಅಡಿಕೆ ಮರದ ಬುಡಕ್ಕೆ ನೀರು ಹಾಯಿಸುವ ವಸ್ತು ಸೊಂಟಕ್ಕೆ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ಹೂಪಿನ ಪ್ರಾಣ ಇರುವುದು ಜೋಡಣೆಯಲ್ಲಿ. ಅಂಗಡಿಯವರು ಕೊಡುವ ಹೊರಗಿನ ಕಪ್ಲರ್ ಹಾಕಿದರೆ ಗಂಟಿನಂತೆ ಉಬ್ಬಿ ಪ್ರತಿ ಸುತ್ತಿಗೂ ಹೊಟ್ಟೆಗೆ ಬಡಿಯುತ್ತದೆ. ಜೋಡಣೆ ಒಳಗಿರಬೇಕು. 25ರ ಪೈಪಿನ ಗೋಡೆ 2.3 ಮಿಲಿಮೀಟರ್ ಎಂದರೆ ಒಳ ಅಳತೆ 20.4. ಹಾಗಾಗಿ ಅದೇ ಜಾತಿಯ 20 ಮಿಲಿಮೀಟರ್ ಪೈಪಿನ ತುಂಡು ಅದರೊಳಗೆ ಬಾಟಲಿಗೆ ಬಿರಡೆ ಕೂತಂತೆ ಕೂರುತ್ತದೆ. ಎಲ್ಲ ಪೈಪಿನ ಗೋಡೆಯೂ ಒಂದೇ ದಪ್ಪ ಇರುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ತೂರಿಸಿ ನೋಡಿ ಕೊಳ್ಳಿ. ಸಡಿಲವಿದ್ದರೆ ತುಂಡಿಗೆ ಒಂದು ಸುತ್ತು ಟೇಪ್ ಸುತ್ತಿ. ಬಿಗಿಯಾದರೆ ಮರಳು ಕಾಗದದಲ್ಲಿ ಉಜ್ಜಿ.

ತುಂಡಿನ ಉದ್ದ 12 ಸೆಂಟಿಮೀಟರ್ ಇರಲಿ. ಸರಿಯಾಗಿ ನಡುವೆ ಪೆನ್ನಿನಿಂದ ಗುರುತು ಹಾಕಿ. ಹ್ಯಾಕ್ಸಾ ಬ್ಲೇಡಿನಿಂದ ಪೈಪನ್ನು ನೇರವಾಗಿ ಕತ್ತರಿಸಿ. ಓರೆಯಾದರೆ ಕೂಡುವಲ್ಲಿ ಸಂದು ಉಳಿಯುತ್ತದೆ. ಅಂಚಿನ ಸಿಬಿರನ್ನು ಮರಳು ಕಾಗದದಿಂದ ತೆಗೆಯಿರಿ. ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿ. ಪೈಪಿನ ಒಂದು ತುದಿಯನ್ನು ಒಂದು ಗೇಣು ಮುಳುಗಿಸಿ ನಿಧಾನವಾಗಿ ನಲವತ್ತು ಎಣಿಸಿ. ಹೊರಗೆ ತೆಗೆದಾಗ ಅದು ನೋಡಲು ಹಾಗೆಯೇ ಇರುತ್ತದೆ. ದಪ್ಪ ಬಟ್ಟೆ ಹಿಡಿದು ಹಿಸುಕಿದರೆ ಮಾತ್ರ ಬೆರಳಿಗೆ ಒಂದಿಷ್ಟು ಬಿಟ್ಟುಕೊಡುವುದು ತಿಳಿಯುತ್ತದೆ. ಆ ಕ್ಷಣ ತಡಮಾಡಬಾರದು. ತುಂಡನ್ನು ತಿರುಚುತ್ತ, ತಿರುಚುತ್ತ ಗುರುತಿನವರೆಗೆ ಒತ್ತಿ. ಸುರುಳಿಯಿಂದ ಕತ್ತರಿಸಿದ ತುಂಡಿಗೂ ಒಂದು ಬಾಗು ಇರುತ್ತದೆ. ಆ ಬಾಗು ಹೂಪಿನ ಬಾಗಿನ ಕಡೆಗೇ ಇರುವಂತೆ ತಿರುಗಿಸಿಕೊಳ್ಳಿ. ಇದನ್ನು ಮರೆತರೆ ಜೋಡಣೆಯ ಜಾಗ ಚಪ್ಪಟೆಯಾಗಿ ಹೂಪ್ ಕುಂಟುತ್ತದೆ. ಇನ್ನೊಂದು ತುದಿಯನ್ನೂ ಹಾಗೆಯೇ ಬಿಸಿ ಮಾಡಿ ಎರಡೂ ಬಾಯಿ ಕೂಡುವಂತೆ ಒತ್ತಿ. ಈಗ ಇನ್ನೊಬ್ಬರ ಕೈ ಬೇಕು. ನನ್ನ ಮಗಳು ಹೂಪನ್ನು ತೊಡೆಗೆ ಆನಿಸಿ ಹಿಡಿದಳು, ನಾನು ಒತ್ತಿದೆ. ಮೇಲೆ ತಣ್ಣೀರು ಸುರಿದರೆ ಪೈಪು ಕುಗ್ಗಿ ತುಂಡನ್ನು ಕಚ್ಚಿಕೊಳ್ಳುತ್ತದೆ.

ಇಷ್ಟಕ್ಕೇ ಬಿಡಬೇಡಿ. ನನ್ನ ಮೊದಲ ಹೂಪ್ ಎಷ್ಟು ಬಿಗಿಯಾಗಿತ್ತೆಂದರೆ ಸ್ಕ್ರೂ ಬೇಡವೆಂದು ಬಿಟ್ಟಿದ್ದೆ. ನಾಲ್ಕನೆಯ ದಿನ ಸುತ್ತುತ್ತಿರುವಾಗಲೇ ಜೋಡಣೆ ಕಳಚಿ ಪೈಪು ಚಾಟಿಯಂತೆ ಬಿಚ್ಚಿಕೊಂಡಿತು. ತಾರಸಿಯ ಹೂಕುಂಡ ಎರಡು ಹೋಳಾಯಿತು. ಆಗ ಮಕ್ಕಳು ಯಾರೂ ಹತ್ತಿರ ಇರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಎದೆ ತಣ್ಣಗಾಗುತ್ತದೆ. ಅಂದಿನಿಂದ ಕೂಡಿದ ಗೆರೆಯ ಎರಡೂ ಬದಿಗೆ ಎರಡೆರಡು ಸಣ್ಣ ಸ್ಕ್ರೂ ಕಡ್ಡಾಯ. ಮೈಗೆ ತಾಗದ ಹೊರಬದಿಯಲ್ಲಿ ಮೊದಲು ಸಣ್ಣ ತೂತು ಕೊರೆದು, 10 ಮಿಲಿಮೀಟರ್ ಉದ್ದದ ಸ್ಕ್ರೂಗಳನ್ನು ತಲೆ ಮೇಲೆ ಉಳಿಯದಂತೆ ಬಿಗಿಯಿರಿ. ಮೇಲೆ ಎರಡು ಸುತ್ತು ಟೇಪ್.

ಹೊಸ ಪೈಪು ನುಣುಪು. ಸಿಂಥೆಟಿಕ್ ಚೂಡಿದಾರದ ಮೇಲೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಕಲಿಯುವಾಗ ಹತ್ತಿ ಬಟ್ಟೆ ಹಾಕಿ. ಹೂಪಿಗೂ ಹಿಡಿತ ಬೇಕು. ಒಳಬದಿಗೆ ಒರಟು ಬಟ್ಟೆ ಟೇಪ್ ಅಂಟಿಸುವವರಿದ್ದಾರೆ. ನನಗೆ ಅದಕ್ಕಿಂತ ಹಳೆಯ ಸೈಕಲ್ ಟ್ಯೂಬೇ ಮೇಲು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲವಾದರೆ ಬಟ್ಟೆಗೆ ಕಪ್ಪು ಹತ್ತುತ್ತದೆ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎಳೆದು ಹಿಡಿದು, ಒಂದು ಗೇಣಿಗೆ ಒಂದರಂತೆ ಪೈಪಿಗೆ ಸುತ್ತಿ. ತುದಿಗಳನ್ನು ಟೇಪಿನಲ್ಲಿ ಮುಚ್ಚಿ. ಪೂರ್ತಿ ಸುತ್ತಿದರೆ ಹಿಡಿತ ಹೆಚ್ಚಾಗಿ ಸೊಂಟದ ಚರ್ಮ ಉರಿಯುತ್ತದೆ.

ಬಣ್ಣಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಇನ್ಸುಲೇಷನ್ ಟೇಪ್ ಇದೆ. ಕೆಂಪು, ಹಳದಿ, ನೀಲಿ, ಹಸಿರು ಎಲ್ಲವೂ ಸಿಗುತ್ತದೆ. 18 ಮಿಲಿಮೀಟರ್ ಅಗಲದ ಟೇಪಿನಿಂದ ನನ್ನ ಹೂಪನ್ನು ಪೂರ್ತಿ ಮುಚ್ಚಲು ಸುಮಾರು 14 ಮೀಟರ್ ಬೇಕು. ಮೂರರಲ್ಲಿ ಒಂದು ಪಾಲು ಮುಚ್ಚುವಂತೆ ಓರೆ ಪಟ್ಟಿ ಸುತ್ತಿದರೆ ಐದು ಮೀಟರ್ ಸಾಕು, ಕಪ್ಪಿನ ಮೇಲೆ ಹಳದಿ ಪಟ್ಟಿ ತಿರುಗುವಾಗ ನೋಡಲು ಬಲು ಚಂದ. ಸುತ್ತುವಾಗ ಟೇಪನ್ನು ಜಗ್ಗಬೇಡಿ. ಜಗ್ಗಿದ ಟೇಪ್ ಬೇಸಿಗೆಯಲ್ಲಿ ಕುಗ್ಗಿ ತುದಿ ಏಳುತ್ತದೆ. ಕೊನೆಯ ಒಂದು ಸುತ್ತನ್ನಂತೂ ಚೂರೂ ಎಳೆಯದೆ ಹಾಗೆಯೇ ಇಟ್ಟು ಬೆರಳಿನಿಂದ ಒತ್ತಿ.

ಆಡುವುದನ್ನು ಎರಡು ಮಾತಲ್ಲಿ ಹೇಳುತ್ತೇನೆ. ಒಂದು ಕಾಲು ಮುಂದಿಡಿ, ಹೂಪನ್ನು ಬೆನ್ನಿಗೆ ಒತ್ತಿ ಹಿಡಿದು ಸಮತಲವಾಗಿ ತಳ್ಳಿ. ಸೊಂಟವನ್ನು ವೃತ್ತಾಕಾರವಾಗಿ ತಿರುಗಿಸಲು ಹೋಗಬೇಡಿ. ತೂಕವನ್ನು ಮುಂಗಾಲಿಗೆ, ಹಿಂಗಾಲಿಗೆ, ಮತ್ತೆ ಮುಂಗಾಲಿಗೆ ಬಿಟ್ಟರೆ ಸಾಕು. ಬೆನ್ನುನೋವಿರುವವರು, ಬಸುರಿಯರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಬಳಸದಾಗ ಹೂಪನ್ನು ನೆಲದ ಮೇಲೆ ಮಲಗಿಸಿಡಿ. ಒಂದೇ ಮೊಳೆಗೆ ತಿಂಗಳುಗಟ್ಟಲೆ ನೇತುಹಾಕಿದರೆ ಮೊಟ್ಟೆಯಾಕಾರಕ್ಕೆ ಇಳಿಯುತ್ತದೆ. ಹಾಗಾದರೆ ಬಿಸಿಲಿನಲ್ಲಿ ಅರ್ಧ ಗಂಟೆ ಕಾಯಿಸಿ, ಉದ್ದವಾದ ಕಡೆಯಿಂದ ಒತ್ತಿ ಹಿಡಿದು ತಣಿಸಿ.

ಉಳಿದ ತುಂಡುಗಳಿಗೆ ಬರೋಣ. ತೂತಿಲ್ಲದ 16 ಮಿಲಿಮೀಟರ್ ಲ್ಯಾಟರಲ್ ಪೈಪನ್ನು 126 ಸೆಂಟಿಮೀಟರ್ ಕತ್ತರಿಸಿದರೆ 40 ಸೆಂಟಿಮೀಟರ್ ವ್ಯಾಸದ ಕೈಹೂಪ್ ಆಗುತ್ತದೆ. ಅದಕ್ಕೆ ಹನಿ ನೀರಾವರಿಯ ಜಾಯ್ನರ್ ಸರಿಹೋಗುತ್ತದೆ. ಮುಚ್ಚುವ ಮೊದಲು ಒಂದು ಹಿಡಿ ಗಾಜಿನ ಮಣಿ ಸುರಿಯಿರಿ, ತಿರುಗಿಸಿದಾಗ ಮಳೆಯ ಸದ್ದು ಬರುತ್ತದೆ. ಕಾಳು ಹಾಕಬೇಡಿ, ಹುಳು ಹಿಡಿಯುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ ಹೂಪಿನ ಮೇಲೆ ನೇಯುವ ಕಾಲೊರೆಸು. ನನ್ನ ತಾಯಿ ಹಾವೇರಿ ಕಡೆಯವರು. ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರು. ಅವರು ಉಟ್ಟು ಸವೆಸಿದ ಹತ್ತಿ ಸೀರೆಯಿಂದಲೇ ನಾನು ಮೊದಲನೆಯದನ್ನು ನೇಯ್ದೆ. ಸೀರೆಯನ್ನು ಉದ್ದಕ್ಕೆ ಮೂರು ಬೆರಳಗಲ ಹರಿದರೆ ಇಪ್ಪತ್ತಕ್ಕೂ ಹೆಚ್ಚು ಪಟ್ಟಿ ಬರುತ್ತವೆ, ಒಂದು ಕಾಲೊರೆಸಿಗೆ ಧಾರಾಳ. ಮಗುವಿನ 75 ಸೆಂಟಿಮೀಟರ್ ಹೂಪ್ ತೆಗೆದುಕೊಂಡು, ಸೈಕಲ್ ಚಕ್ರದ ಕಡ್ಡಿಗಳಂತೆ ಹನ್ನೆರಡು ಪಟ್ಟಿಗಳನ್ನು ಒಂದು ಅಂಚಿನಿಂದ ಎದುರಂಚಿಗೆ ಬಿಗಿಯಾಗಿ ಕಟ್ಟಿ. ನಡುವಿನಿಂದ ಇಪ್ಪತ್ತನಾಲ್ಕು ಕಡ್ಡಿ ಹೊರಟಂತಾಯಿತು. ಆದರೆ ನೇಯ್ಗೆಗೆ ಬೆಸ ಸಂಖ್ಯೆ ಬೇಕು. ಸಮ ಸಂಖ್ಯೆಯಾದರೆ ಎರಡನೆಯ ಸುತ್ತಿನಲ್ಲೂ ಎಳೆ ಅದೇ ಕಡ್ಡಿಗಳ ಮೇಲೆಯೇ ಬರುತ್ತದೆ, ಹೆಣೆದುಕೊಳ್ಳುವುದಿಲ್ಲ. ಅಕ್ಕಪಕ್ಕದ ಎರಡು ಕಡ್ಡಿಗಳನ್ನು ಒಂದೆಂದು ಹಿಡಿದರೆ ಇಪ್ಪತ್ತಮೂರಾಗುತ್ತದೆ.

ನಡುವಿನಲ್ಲಿ ಗಂಟು ಹಾಕಿ, ಒಂದರ ಮೇಲೆ, ಒಂದರ ಕೆಳಗೆ ಎಂದು ಸುತ್ತುತ್ತ ಬನ್ನಿ. ಪಟ್ಟಿ ಮುಗಿದಲ್ಲಿ ಗಂಟು ಬೇಡ. ಎರಡೂ ಪಟ್ಟಿಗಳ ತುದಿಯಲ್ಲಿ ಸಣ್ಣ ಸೀಳು ಮಾಡಿ, ಒಂದರ ಸೀಳನ್ನು ಇನ್ನೊಂದರ ಮೇಲಿಟ್ಟು, ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಎರಡೂ ಸೀಳಿನಿಂದ ತೂರಿಸಿ ಎಳೆದರೆ ತಾನೇ ಬೆಸೆದುಕೊಳ್ಳುತ್ತದೆ. ಪ್ರತಿ ಸುತ್ತನ್ನೂ ಬೆರಳಿನಿಂದ ನಡುವಿಗೆ ತಳ್ಳಿ, ಆದರೆ ಎಳೆಯನ್ನು ಬಿಗಿಯಬೇಡಿ. ಬಿಗಿದರೆ ಕಾಲೊರೆಸು ಬಟ್ಟಲಿನಂತೆ ಏಳುತ್ತದೆ. ನನ್ನ ತಾಯಿಯ ಸೀರೆಯ ಅಂಚು ಕಡುಗೆಂಪು, ಒಡಲು ಹಸಿರು. ನೇಯ್ಗೆಯಲ್ಲಿ ಆ ಕೆಂಪು ಎಲ್ಲಿ ಬರುತ್ತದೆಂದು ಲೆಕ್ಕ ಹಾಕಿರಲಿಲ್ಲ. ಹೊರಗಿನ ಐದು ಸುತ್ತಿಗೆ ತಾನಾಗಿಯೇ ಬಂದು ಕೂತಿತು.

ಹೂಪಿನ ಅಂಚಿಗೆ ಒಂದು ಚೋಟು ಉಳಿದಾಗ ನಿಲ್ಲಿಸಿ. ಕಡ್ಡಿಗಳನ್ನು ಎರಡೆರಡಾಗಿ ಕತ್ತರಿಸಿ, ಕತ್ತರಿಸಿದ ಕೂಡಲೇ ಆ ಜೋಡಿಗೆ ಗಂಟು ಹಾಕಿ. ಎಲ್ಲವನ್ನೂ ಒಮ್ಮೆಗೇ ಕತ್ತರಿಸಿದರೆ ನೇಯ್ಗೆ ಸಡಿಲವಾಗುತ್ತದೆ. ಕೊನೆಯ ಗಂಟು ಬಿದ್ದ ಮೇಲೆ ಹೂಪಿಗೆ ಅಂಟಿದ ಬಟ್ಟೆಯ ಚೂರುಗಳನ್ನು ಬಿಡಿಸಿ ಮಗುವಿಗೆ ಕೊಡಿ. ಅಂದೇ ಸಂಜೆ ಅದು ಮತ್ತೆ ಸೊಂಟಕ್ಕೆ ಏರಬಹುದು.