ಅಮೆರಿಕದ ಬಾರ್ಜ್‌ನಲ್ಲಿ ಬಿದ್ದು ಪೆಟ್ಟಾದರೆ ಯಾವ ಕಾನೂನು?

ಮಿಸಿಸಿಪ್ಪಿ, ಒಹಾಯೊ ನದಿಗಳಲ್ಲಿ ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ತಳದ ದೋಣಿ) ಕೆಲಸದಲ್ಲಿರುವ ನಮ್ಮವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಅಮೆರಿಕದಲ್ಲಿ ಕೆಲಸದ ವೇಳೆ ಪೆಟ್ಟಾದರೆ ಸಾಮಾನ್ಯವಾಗಿ ಆಯಾ ರಾಜ್ಯದ ವರ್ಕರ್ಸ್ ಕಾಂಪ್ (ಕಾರ್ಮಿಕರ ಪರಿಹಾರ ವಿಮೆ) ನೋಡಿಕೊಳ್ಳುತ್ತೆ. ಬಾರ್ಜ್ ಸಿಬ್ಬಂದಿಗೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ.

ಬೀಳೋದು ಇಲ್ಲಿ ಅಪರೂಪವೇನಲ್ಲ. ಸಾಮಾನ್ಯ ಹಾಪರ್ ಬಾರ್ಜ್ (ನಡುವೆ ಸರಕು ತುಂಬುವ ಆಳವಾದ ತೊಟ್ಟಿ ಇರುವಂಥದ್ದು) 195 ಅಡಿ ಉದ್ದ, 35 ಅಡಿ ಅಗಲ. ಆದರೆ ನಡೆದಾಡೋಕೆ ಇರುವುದು ಅಂಚಿನ ಕಿರಿದಾದ ಜಾಗ ಮಾತ್ರ. ಅಲ್ಲೇ ಬಾರ್ಜ್‌ಗಳನ್ನು ಕಟ್ಟಿ ಬಿಗಿಯುವ ಉಕ್ಕಿನ ವೈರು, ರ‍್ಯಾಚೆಟ್ಟು, ಚೆಲ್ಲಿದ ಸೋಯಾ ಕಾಳು, ಚಳಿಗಾಲದಲ್ಲಿ ಐಸ್. ಒಂದು ಕಡೆ ನದಿ, ಇನ್ನೊಂದು ಕಡೆ ಖಾಲಿ ಹಾಪರಿನ ಆಳ.

ನೀವು ಕಾನೂನಿನ ಲೆಕ್ಕದಲ್ಲಿ 'ಸೀಮನ್' (ಹಡಗಿನ ಸಿಬ್ಬಂದಿ) ಹೌದೋ ಅಲ್ಲವೋ ಅನ್ನೋದೇ ಮುಖ್ಯ. ಎಲ್ಲಿ ಬಿದ್ದಿರಿ ಅನ್ನೋದಕ್ಕಿಂತ ನಿಮ್ಮ ಕೆಲಸ ಯಾವುದು ಅಂತ ಕೋರ್ಟು ನೋಡುತ್ತೆ. ಕೆಲಸದ ಸಮಯದ ಸುಮಾರು 30% ಅಥವಾ ಹೆಚ್ಚನ್ನು ಹಡಗಿನ ಸೇವೆಯಲ್ಲೇ ಕಳೆಯುವ ಡೆಕ್‌ಹ್ಯಾಂಡ್‌ಗೆ 1920ರ ಜೋನ್ಸ್ ಆಕ್ಟ್, ಅಂದರೆ ಪೆಟ್ಟಾದ ಸೀಮನ್ ತನ್ನ ಕಂಪನಿ ಮೇಲೆ ದಾವೆ ಹೂಡಬಹುದಾದ ಕಾನೂನು. ಇಲ್ಲಿ ಕಂಪನಿಯ ನಿರ್ಲಕ್ಷ್ಯ ತೋರಿಸಬೇಕು, ಆದರೆ ಅದು ಸಣ್ಣದಾಗಿದ್ದರೂ ಸಾಕು. ನಿಮ್ಮದೂ ತಪ್ಪಿದ್ದರೆ ಅಷ್ಟು ಕಡಿತವಾಗುತ್ತೆ, ಕೇಸ್ ಬಿದ್ದುಹೋಗಲ್ಲ. ದಾವೆ ಹೂಡಲು ಮೂರು ವರ್ಷ. ಇದಲ್ಲದೆ, ತಪ್ಪು ಯಾರದೇ ಇರಲಿ, ಚಿಕಿತ್ಸೆಯಿಂದ ಇನ್ನಷ್ಟು ಗುಣವಾಗುವುದಿಲ್ಲ ಎನ್ನುವ ಹಂತದವರೆಗೆ ಊಟ-ವಸತಿ ಖರ್ಚು ಮತ್ತು ವೈದ್ಯಕೀಯ ವೆಚ್ಚ ಕಂಪನಿಯದೇ. ಇದನ್ನು 'ಮೇಂಟೆನೆನ್ಸ್ ಅಂಡ್ ಕ್ಯೂರ್' ಅಂತಾರೆ. ಹಳೆಯ ಕಾನೂನಾದರೂ ಕೇಳದಿದ್ದರೆ ಸುಮ್ನೆ ಸಿಗುತ್ತೆ ಅಂದ್ಕೋಬೇಡಿ.

ಬಾರ್ಜ್ ರಿಪೇರಿ, ಸರಕು ತುಂಬೋದು ಇಂಥ ದಡದ ಕೆಲಸದವರಿಗೆ ಸಾಮಾನ್ಯವಾಗಿ 1927ರ ಲಾಂಗ್‌ಶೋರ್ ಆಕ್ಟ್. ಪೂರ್ತಿ ಕೆಲಸ ಮಾಡಲಾಗದಿದ್ದರೆ ವಾರದ ಸರಾಸರಿ ಸಂಬಳದ ಮೂರನೇ ಎರಡು ಭಾಗ, ಒಂದು ಗರಿಷ್ಠ ಮಿತಿಯೊಳಗೆ. ನಿರ್ಲಕ್ಷ್ಯ ಸಾಬೀತು ಮಾಡಬೇಕಿಲ್ಲ. ಆದರೆ 30 ದಿನದೊಳಗೆ ಕಂಪನಿಗೆ ಲಿಖಿತವಾಗಿ ತಿಳಿಸಬೇಕು, ಒಂದು ವರ್ಷದೊಳಗೆ ಕ್ಲೇಮ್ ಹಾಕಬೇಕು.

ಬಿದ್ದ ದಿನವೇ ಕ್ಯಾಪ್ಟನ್‌ಗೆ ಹೇಳಿ, ರಿಪೋರ್ಟ್ ಬರೆಸಿ. 'ನಡೀವಾಗ ಕಾಲು ಜಾರಿತು' ಅಂತಷ್ಟೇ ಬರೆಯಬೇಡಿ. ಅಲ್ಲಿ ಗ್ರೀಸ್ ಇತ್ತಾ, ಲೈಟ್ ಕೆಟ್ಟಿತ್ತಾ, ವೈರ್ ಬಿದ್ದಿತ್ತಾ, ಅದನ್ನೂ ಸೇರಿಸಿ. ಫೋಟೋ ತೆಗೆಯಿರಿ, ನೋಡಿದವರ ಹೆಸರು ಬರೆದಿಡಿ. ಡೆಕ್ ತೊಳೆದ ಮೇಲೆ ಗ್ರೀಸ್ ಎಲ್ಲಿ ಹುಡುಕ್ತೀರಿ, ಅಲ್ವಾ?

ಇನ್ಶೂರೆನ್ಸ್‌ನವರು ಫೋನ್‌ನಲ್ಲಿ ಹೇಳಿಕೆ ರೆಕಾರ್ಡ್ ಮಾಡಿಕೊಳ್ಳೋಕೆ ಕೇಳಿದರೆ, ಬಿಡುಗಡೆ ಪತ್ರಕ್ಕೆ (ಮುಂದೆ ಪರಿಹಾರ ಕೇಳುವುದಿಲ್ಲ ಎನ್ನುವ ಕರಾರಿಗೆ) ಸಹಿ ಕೇಳಿದರೆ, ಮೊದಲು ವಕೀಲರನ್ನು ಕಾಣಿ. ಕಾರ್ ಆಕ್ಸಿಡೆಂಟ್ ಕೇಸ್ ಮಾಡುವವರು ಬೇಡ, ಮ್ಯಾರಿಟೈಮ್ (ಹಡಗು-ಜಲಸಾರಿಗೆಯ) ಕಾನೂನು ಬಲ್ಲವರೇ ಬೇಕು.