ಹಿನ್ನೀರು ಇಳಿದ ನೆಲದ ಮೇಲೆ ನಡೆಯುವುದು: ನನ್ನ ಅನುಭವ

2017ರ ಮೇ ತಿಂಗಳಲ್ಲಿ ಲಿಂಗನಮಕ್ಕಿ ಜಲಾಶಯದ ಹಿನ್ನೀರು ತೀರಾ ಕೆಳಗಿಳಿದಿದ್ದಾಗ, ಮಡೆನೂರಿನ ಹಳೆಯ ಅಣೆಕಟ್ಟೆಯ ಫೋಟೋ ತೆಗೆಯಬೇಕೆಂದು ಹೋಗಿದ್ದ ನಾನು, ಸಂಜೆ ಮರಳುವಾಗ ಒಂದು ರುಬ್ಬುಗುಂಡನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಬಂದೆ. ಅದನ್ನು ಕದ್ದೆ ಎಂದು ಆಗ ಅನಿಸಲಿಲ್ಲ. ಕೆಸರಿನಲ್ಲಿ ಅರ್ಧ ಹೂತುಹೋಗಿದ್ದ, ಇನ್ನೊಂದು ತಿಂಗಳಿಗೆ ಮತ್ತೆ ನೀರಿನ ಪಾಲಾಗಲಿದ್ದ ಕಲ್ಲನ್ನು ಉಳಿಸಿದೆ ಎಂಬ ಸಣ್ಣ ಹೆಮ್ಮೆಯೇ ಇತ್ತು. ತೊಳೆದು, ಮನೆಯ ಮುಂದಿನ ಹೂಕುಂಡಗಳ ನಡುವೆ ಅಂದವಾಗಿ ಇಟ್ಟೆ.

ಶರಾವತಿಯ ಈ ಭಾಗವನ್ನು ಕಾಣದವರಿಗಾಗಿ ಸ್ವಲ್ಪ ಹೇಳಬೇಕು. ಮಡೆನೂರಿನದು ಈ ನದಿಗೆ ಕಟ್ಟಿದ ಮೊದಲ ದೊಡ್ಡ ಅಣೆಕಟ್ಟು. ಹಿರೇಭಾಸ್ಕರ ಅಣೆಕಟ್ಟು ಎಂದೂ ಅದಕ್ಕೆ ಹೆಸರು. 1948ರಲ್ಲಿ ಜೋಗದ ಬುಡದ ವಿದ್ಯುದಾಗಾರ ಶುರುವಾದದ್ದು ಅಲ್ಲಿ ಹಿಡಿದಿಟ್ಟ ನೀರಿನಿಂದ. ಮುಂದೆ ನಾಡಿಗೆ ಇನ್ನಷ್ಟು ವಿದ್ಯುತ್ ಬೇಕಾದಾಗ ನದಿಯ ಕೆಳಭಾಗದಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, 1964ರ ಹೊತ್ತಿಗೆ ಅದರ ನೀರು ಹಳೆಯ ಅಣೆಕಟ್ಟನ್ನೇ ನುಂಗಿತು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಸಂಗ್ರಹ ನೂರೈವತ್ತು ಟಿಎಂಸಿಗೂ ಮಿಕ್ಕಿ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯ ಕೊನೆಯಲ್ಲಿ ಮಾತ್ರ ಮಡೆನೂರಿನ ಅಣೆಕಟ್ಟು, ಅದರ ಜೊತೆಗೆ ಗದ್ದೆಯ ಬದು, ಬಾವಿಯ ಕಟ್ಟೆ, ಜಂಬಿಟ್ಟಿಗೆ ಕಲ್ಲಿನ ತಳಪಾಯಗಳು ಮೇಲೆ ಬರುತ್ತವೆ. ಮುಳುಗಡೆಗೆ ಮೊದಲು ಕಡಿದ ಮರಗಳ ಬೊಡ್ಡೆಗಳು ಅರ್ಧ ಶತಮಾನ ನೀರಿನಲ್ಲಿದ್ದೂ ಕೊಳೆಯದೆ, ಕಪ್ಪಗೆ, ಬೇರುಗಳ ಮೇಲೆ ಕುಕ್ಕರಗಾಲಿನಲ್ಲಿ ಕೂತಂತೆ ಕಾಣುತ್ತವೆ.

ಅಣೆಕಟ್ಟು ಚೆಲುವಾಗಿದೆ ಎಂಬುದನ್ನು ಮರೆಮಾಚುವುದಿಲ್ಲ. ಬಾಗಿಲುಗಳಿಲ್ಲದೆ, ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ತನ್ನನ್ನು ತಾನೇ ಎಳೆದುಕೊಂಡು ಆಚೆ ಸುರಿಯುವಂತೆ ಮಾಡಿದ ಸೈಫನ್‌ಗಳ ಸಾಲನ್ನು ಹತ್ತಿರದಿಂದ ನೋಡಿದರೆ, ಕಟ್ಟಿದವರ ಜಾಣ್ಮೆಗೆ ತಲೆದೂಗದೆ ಇರಲಾಗದು. ಮೊದಲ ದಿನ ನಾನು ತೆಗೆದ ಸುಮಾರು ಇನ್ನೂರು ಫೋಟೋಗಳಲ್ಲಿ ನೂರ ಎಂಬತ್ತು ಆ ಸೈಫನ್‌ಗಳವೇ. ಉಳಿದವು ಮನೆಗಳ ತಳಪಾಯಗಳವು. ಅವುಗಳಿಗೆ ನಾನು ಕೊಟ್ಟ ಶೀರ್ಷಿಕೆ, ಈಗ ನೆನೆದರೆ ಮುಖ ಬೆಚ್ಚಗಾಗುತ್ತದೆ, ‘ನೀರಿನಡಿಯ ನಿಗೂಢ ಊರು’ ಎಂದು. ಜಾಲತಾಣದಲ್ಲಿ ಹಾಕುವಾಗ ಜಾಗದ ಗುರುತನ್ನೂ ಜೊತೆಗೆ ಕೊಟ್ಟಿದ್ದೆ. ಮುಂದಿನ ಭಾನುವಾರ ಹೋದಾಗ ಹೊಸದಾಗಿ ಬಿದ್ದ ಜೀಪು ಮತ್ತು ಬೈಕುಗಳ ಚಕ್ರದ ಗುರುತು ಗದ್ದೆಯ ಬದುಗಳನ್ನು ಕತ್ತರಿಸಿಕೊಂಡು ಹೋಗಿತ್ತು, ಒಂದು ಮನೆಯ ಅಂಗಳದಲ್ಲಿ ಒಲೆ ಹೂಡಿ ಕೋಳಿ ಬೇಯಿಸಿದ ಬೂದಿ ಇತ್ತು, ತುಳಸಿಕಟ್ಟೆಯ ಮೇಲೆ ಖಾಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವರೆಲ್ಲ ನನ್ನ ಫೋಟೋ ನೋಡಿಯೇ ಬಂದವರೆಂದು ಹೇಳಲಾರೆ. ನನ್ನ ಫೋಟೋ ನೋಡಿ ಯಾರೂ ಬರಲಿಲ್ಲವೆಂದೂ ಹೇಳಲಾರೆ.

ರುಬ್ಬುಗುಂಡಿನ ವಿಷಯ ಬಿಗಡಾಯಿಸಿದ್ದು ಆ ಮಳೆಗಾಲದಲ್ಲಿ. ಪಕ್ಕದ ಮನೆಗೆ ನೆಂಟರಾಗಿ ಬಂದಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಜಗಲಿಗೆ ಬಂದವರು, ಹೂಕುಂಡಗಳ ನಡುವಿನ ಕಲ್ಲನ್ನು ನೋಡಿ, ಎಲ್ಲಿಯದು ಎಂದು ಕೇಳಿದರು. ನಾನು ಉತ್ಸಾಹದಿಂದಲೇ ಹೇಳಿದೆ. ಅವರೂ ಮುಳುಗಡೆಯಾದ ಊರಿನವರೇ, ಹೊಳೆಯ ಆಚೆ ದಡದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗುಂಡು ತಂದವರು ಒರಳನ್ನು ಯಾಕೆ ಬಿಟ್ಟಿರಿ?’ ಎಂದರು. ಒರಳು ಭಾರ, ಬೈಕಿನಲ್ಲಿ ತರಲಾಗುವುದಿಲ್ಲ ಎಂದೆ. ‘ನಮಗೂ ಹಾಗೇ ಆಯ್ತು’ ಎಂದು ಅವರು ಒಳಗೆ ಹೋದರು.

ಊರು ಬಿಡುವಾಗ ಜನ ಹೆಂಚು ಇಳಿಸಿಕೊಂಡರು, ಕಂಬ, ಬಾಗಿಲು, ದಾರಂದ ಬಿಚ್ಚಿಕೊಂಡು ಲಾರಿಗೆ ಹೇರಿಕೊಂಡರು. ಹೇರಲಾಗದ್ದು ಮಾತ್ರ ಉಳಿಯಿತು ಎಂಬ ಸಂಗತಿ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹಿನ್ನೀರಿನ ತಳದಲ್ಲಿ ಒರಳು, ಬೀಸುಕಲ್ಲು, ಬಚ್ಚಲ ಹಾಸುಗಲ್ಲುಗಳೇ ಹೆಚ್ಚಾಗಿ ಸಿಗುವುದು ಅದಕ್ಕೇ. ಮನೆಯವರು ಬೇಡವೆಂದು ಎಸೆದು ಹೋದ ವಸ್ತುಗಳೆಂದು ಅವನ್ನು ನಾನು ತಿಳಿದಿದ್ದೆ.

ಅಂಥ ಕಲ್ಲನ್ನು ಎತ್ತಿಕೊಂಡು ಬರಬಹುದೇ ಎಂಬ ನನ್ನ ಪ್ರಶ್ನೆಗೆ, ಕಾನೂನನ್ನು ಹುಡುಕಿದರೆ ಉತ್ತರ ಸಿಗಲಿಲ್ಲ. ನೂರು ವರ್ಷಕ್ಕೂ ಹಳೆಯದಾದ ಶಿಲ್ಪ, ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಜಲಾಶಯ ವಿದ್ಯುತ್ ನಿಗಮದ್ದು. ದಡದ ಕಾಡು ಅರಣ್ಯ ಇಲಾಖೆಯದ್ದು, ಕೆಲವು ಕಡೆ ಅಭಯಾರಣ್ಯಕ್ಕೂ ಸೇರಿದ್ದು. ಇವರ ಅನುಮತಿ ಇಲ್ಲದೆ ಇಳಿಯಬಾರದು ಎಂಬುದು ಸರಿಯೇ, ನಾನೂ ಈಗ ಹಾಗೆ ಇಳಿಯುವುದಿಲ್ಲ. ಮೇಲ್ನೋಟಕ್ಕೆ ಒಣಗಿ ಬಿರಿದ ಹೂಳು ಕೆಳಗೆ ಅಂಬಲಿಯಂತಿರುವುದರಿಂದ ಅದು ಜೀವದ ಪ್ರಶ್ನೆಯೂ ಹೌದು. ಆದರೆ ಯಾರದೋ ಮನೆಯ ಒರಳುಕಲ್ಲಿನ ಬಗ್ಗೆ ಯಾವ ಕಚೇರಿಯೂ ಏನನ್ನೂ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಸಾಗರ, ಹೊಸನಗರ, ಶಿವಮೊಗ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಮತ್ತು ಅವರನ್ನು ನಾನು ಕೇಳಿರಲಿಲ್ಲ. ಜನರು ಎಂದೋ ಬಿಟ್ಟುಹೋದ ರಾಜಸ್ಥಾನದ ಕುಲ್‌ಧರಾದಂಥ ಊರಿಗೆ ಹೋದವನಿಗೆ ಕೇಳಲು ಯಾರೂ ಸಿಗುವುದಿಲ್ಲ, ದಂತಕಥೆಯೊಂದೇ ಗತಿ. ನಮ್ಮಲ್ಲಿ ಆ ನೆಪ ನಡೆಯದು.

ಹಾಗಾಗಿ ಕ್ರಮವನ್ನು ತಿರುಗಿಸಿದೆ: ಮೊದಲು ಜನರ ಬಳಿಗೆ, ಆಮೇಲೆ ಜಾಗಕ್ಕೆ. ನೀರು ತುಂಬಿರುವ ವರ್ಷಗಳಲ್ಲಿ ಹೇಗೂ ಬೇರೆ ಕೆಲಸವಿರಲಿಲ್ಲ. ಪರಿಚಯದವರ ಮೂಲಕ ಒಂದೊಂದೇ ಮನೆಗೆ ಹೋಗಿ ಕೂತೆ. ಮೊದಮೊದಲು ನಾನು ಕೇಳುತ್ತಿದ್ದದ್ದು ಊರು ಬಿಡುವಾಗ ಹೇಗನಿಸಿತು ಎಂದು. ಅದಕ್ಕೆ ಎಲ್ಲರ ಉತ್ತರವೂ ಒಂದೇ ತರಹ ಇರುತ್ತಿತ್ತು, ಪತ್ರಿಕೆಯವರಿಗೆ ಹೇಳಿ ಹೇಳಿ ಸವೆದ ನಾಲ್ಕು ವಾಕ್ಯ. ಒಂದು ದಿನ ಬೇರೇನೂ ತೋಚದೆ, ‘ನಿಮ್ಮದು ಎಷ್ಟು ಅಂಕಣದ ಮನೆಯಾಗಿತ್ತು?’ ಎಂದು ಕೇಳಿದೆ. ಆ ಮನೆಯ ಯಜಮಾನರು ಎದ್ದು ಅಂಗಳಕ್ಕೆ ಬಂದು, ಅಡಿಕೆ ದಬ್ಬೆಯಿಂದ ನೆಲದಲ್ಲಿ ಗೆರೆ ಎಳೆದು, ಇಲ್ಲಿ ಜಗಲಿ, ಇಲ್ಲಿ ನಡುಮನೆ, ಕೊಟ್ಟಿಗೆಯಿಂದ ಬಾವಿಗೆ ಇಷ್ಟು ಹೆಜ್ಜೆ ಎಂದು ನಡೆದೇ ತೋರಿಸಿದರು. ಅವರ ಹೆಂಡತಿ ಒಳಗಿನಿಂದಲೇ ಕೂಗಿ, ಬಾವಿ ಆ ಕಡೆ ಅಲ್ಲ, ಹಲಸಿನ ಮರದ ಈಚೆಗೆ ಎಂದು ತಿದ್ದಿದರು. ಇಬ್ಬರಿಗೂ ಅರ್ಧ ಗಂಟೆ ಜಗಳವಾಯಿತು. ಅಷ್ಟರಲ್ಲಿ ನನ್ನ ಪುಸ್ತಕದ ಆರು ಪುಟ ತುಂಬಿತ್ತು. ದುಃಖದ ಬಗ್ಗೆ ಕೇಳಬಾರದೆಂದು ಅಂದಿನಿಂದ ನನಗೆ ನಾನೇ ಹೇಳಿಕೊಂಡೆ. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ, ಅದೂ ಹೆಚ್ಚಾಗಿ ಹೊರಡುವ ಹೊತ್ತಿಗೆ, ಚಪ್ಪಲಿ ಮೆಟ್ಟುವಾಗ.

ಮಾತಿನಲ್ಲೂ ಕೆಲವನ್ನು ಕಲಿತೆ. ನಾವು ‘ಮುಳುಗಿದ ಊರು’ ಎನ್ನುತ್ತೇವೆ, ಊರು ತಾನಾಗಿಯೇ ಮುಳುಗಿತೆಂಬಂತೆ. ಅಲ್ಲಿಯ ಹಿರಿಯರು ‘ನಮ್ಮನ್ನು ಎಬ್ಬಿಸಿದರು’ ಎನ್ನುತ್ತಾರೆ, ನಿದ್ದೆಯಿಂದಲೋ ಊಟದ ಎಲೆಯಿಂದಲೋ ಎಬ್ಬಿಸಿದ ಹಾಗೆ. ಕೆಲವರನ್ನು ಎರಡು ಸಲ ಎಬ್ಬಿಸಲಾಗಿತ್ತು: ಮಡೆನೂರಿನ ನೀರಿಗೆ ಹೆದರಿ ಮೇಲಕ್ಕೆ ಹೋಗಿ ಮನೆ ಕಟ್ಟಿದವರ ಬಳಿಗೇ ಲಿಂಗನಮಕ್ಕಿಯ ನೀರು ಬಂತು. ಹೀಗೆ ಎದ್ದು ಬಂದವರಲ್ಲಿ ಎಷ್ಟೋ ಮಂದಿಗೆ, ಬದಲಿಗೆ ಕೊಟ್ಟ ಭೂಮಿ ಅರಣ್ಯವೆಂಬ ತಕರಾರಿನಲ್ಲಿ ಸಿಕ್ಕಿಕೊಂಡು, ಹಕ್ಕುಪತ್ರ ಇಂದಿಗೂ ಪೂರ್ತಿ ಕೈಗೆ ಬಂದಿಲ್ಲ. ‘ಪಾಳು’, ‘ನಿಗೂಢ’, ‘ಭೂತದ ಊರು’ ಎಂಬ ಮಾತುಗಳನ್ನು ಅವರ ಮೊಮ್ಮಕ್ಕಳು ತಮ್ಮ ಫೋನಿನಲ್ಲಿ ಓದುತ್ತಾರೆ ಎಂಬ ಅರಿವು ಬಂದ ಮೇಲೆ ನನ್ನ ಹಳೆಯ ಶೀರ್ಷಿಕೆಗಳನ್ನು ಅಳಿಸಿ, ಮನೆತನದವರು ಒಪ್ಪಿದ ಕಡೆ ಊರಿನ ಹೆಸರು, ಒಪ್ಪದ ಕಡೆ ಬರೀ ವರ್ಷ ಮತ್ತು ತಿಂಗಳು ಬರೆದೆ. ಜಾಗದ ಗುರುತು ಹಾಕುವುದನ್ನು ಬಿಟ್ಟೆ. ಇಲ್ಲಿಯೂ ಯಾವ ದಾರಿಯಿಂದ ಇಳಿಯಬೇಕೆಂದು ಬೇಕೆಂದೇ ಬರೆದಿಲ್ಲ.

ಗೆಳೆಯನೊಬ್ಬ ಇದನ್ನು ಒಪ್ಪಲಿಲ್ಲ. ತೋರಿಸದಿದ್ದರೆ ಬೆಂಗಳೂರಿನಲ್ಲಿ ಸ್ವಿಚ್ ಒತ್ತುವವನಿಗೆ ಆ ಬೆಳಕಿನ ಬೆಲೆ ತಿಳಿಯುವುದು ಹೇಗೆ ಎಂಬುದು ಅವನ ವಾದ, ಮತ್ತು ಅದು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್ ಸಾಮರ್ಥ್ಯದಲ್ಲಿ ನನ್ನ ಮನೆಯ ದೀಪವೂ ಸೇರಿದೆ. ಹಿನ್ನೀರಿನ ನಡುಗಡ್ಡೆಗಳ ಮನೆಗಳಿಗೆ ದೀಪ ಬಂದದ್ದು ಬಹಳ ತಡವಾಗಿ. ನಾನು ತೋರಿಸುವುದನ್ನು ನಿಲ್ಲಿಸಿಲ್ಲ. ಆದರೆ ಡ್ರೋನಿನಿಂದ ತೆಗೆದ ತಳಪಾಯಗಳ ಚಿತ್ರ ಚಂದದ ವಿನ್ಯಾಸವಾಗಿ ಕಾಣುತ್ತದೆಯೇ ಹೊರತು, ಅದು ಯಾರ ಮನೆ, ಏಕೆ ಬಿಟ್ಟರು, ಈಗ ಎಲ್ಲಿದ್ದಾರೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವ ಎರಡು ಸಾಲು ಕೆಳಗೆ ಇಲ್ಲದಿದ್ದರೆ ಆ ಚಿತ್ರವನ್ನು ನಾನು ಹೊರಗೆ ಹಾಕುವುದಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚಿನ ಮುಂದೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಸಾಲು ನಿಲ್ಲುವ ಜೋಡಿಗಳನ್ನು ನೋಡಿದಾಗ ಕಸಿವಿಸಿಯಾಗುತ್ತದೆ, ಆದರೆ ಅವರನ್ನು ಗದರುವ ಹಕ್ಕು ನನಗಿದೆಯೇ ಎಂದು ಕೇಳಿಕೊಂಡರೆ, ಹೂಕುಂಡಗಳು ನೆನಪಾಗುತ್ತವೆ.

2023ರ ಜೂನ್ ಆರಂಭದಲ್ಲಿ, ಮಳೆ ತಡವಾಗಿ ನೀರು ಮತ್ತೆ ತಳ ಕಂಡಾಗ, ಐದು ವರ್ಷ ಕೂಡಿಸಿದ ನಕ್ಷೆಗಳನ್ನು ಹಿಡಿದು ಇಳಿದೆ. ಈ ಸಲ ಒಬ್ಬನೇ ಹೋಗಲಿಲ್ಲ. ಒಂದು ಮನೆತನದ ಮೂವರು ಜೊತೆಗಿದ್ದರು. 2017ರಲ್ಲಿ ನಾನು ಬುತ್ತಿ ಬಿಚ್ಚಿ ಉಂಡಿದ್ದ, ನೆರಳಿಲ್ಲದಿದ್ದರೂ ಕೂರಲು ಹದವಾಗಿದ್ದ ಕಲ್ಲುಗಳ ಸಾಲಿನ ಹತ್ತಿರ ಬಂದಾಗ ಅವರು ಚಪ್ಪಲಿ ಕಳಚಿದರು. ಅವು ಸಮಾಧಿಗಳಾಗಿದ್ದವು. ನಾನೂ ಕಳಚಿದೆ, ಹಿಂದೆ ಅಲ್ಲಿ ಕೂತು ಉಂಡಿದ್ದನ್ನು ಆಗ ಹೇಳುವ ಧೈರ್ಯ ಬರಲಿಲ್ಲ, ವಾಪಸು ಬರುವಾಗ ಹೇಳಿದೆ. ಹಿರಿಯ ಮಗ, ‘ಬಿಡಿ, ಅಜ್ಜ ಊಟ ಹಾಕದೆ ಯಾರನ್ನೂ ಕಳಿಸ್ತಿರಲಿಲ್ಲವಂತೆ’ ಎಂದು ನಕ್ಕರು. ಚೌಡಿಯ ಬನವಿದ್ದ ಜಾಗದಲ್ಲಿ ಅವರು ಹಣ್ಣುಕಾಯಿ ಮಾಡಿದರು. ಕ್ಯಾಮೆರಾವನ್ನು ಚೀಲದೊಳಗೆ ಇಟ್ಟಿದ್ದೆ. ಅದನ್ನು ಗಮನಿಸಿದ ಕಿರಿಯ ಮಗನೇ ತನ್ನ ಫೋನು ತೆಗೆದು, ಹೆಂಡತಿ ಮಕ್ಕಳಿಗೆ ತಳಪಾಯವನ್ನು ತೋರಿಸಲು ವಿಡಿಯೋ ಕರೆ ಮಾಡಿ, ‘ಇದೇ ನೋಡು ನಮ್ಮ ಬಚ್ಚಲು’ ಎಂದು ಕೂಗಿ ಕೂಗಿ ಹೇಳಿದ, ಸೆಲ್ಫಿಯನ್ನೂ ತೆಗೆದುಕೊಂಡ. ಅವನಿಗೆ ಸಲ್ಲುವುದೆಲ್ಲ ನನಗೂ ಸಲ್ಲುತ್ತದೆ ಎಂದಲ್ಲ. ಆದರೆ ಅಲ್ಲಿ ನಗಲೇಬಾರದು, ಪಿಸುಮಾತಿನಲ್ಲೇ ನಡೆಯಬೇಕು ಎಂಬ ನನ್ನ ಗಂಭೀರ ನಿಯಮ ನನ್ನ ಸ್ವಂತದ್ದೇ ಹೊರತು ಆ ಊರಿನವರು ವಿಧಿಸಿದ್ದಲ್ಲ ಎಂಬುದು ಅಂದು ತಿಳಿಯಿತು.

ಗುಂಡನ್ನು ಎತ್ತಿಕೊಂಡ ಮನೆ ಯಾರದೆಂದು ನಕ್ಷೆಯ ಪ್ರಕಾರ ಗೊತ್ತಾದದ್ದೂ ಆ ದಿನವೇ. ಮನೆತನದ ಹಿರಿಯರು ಶಿವಮೊಗ್ಗ ತಾಲ್ಲೂಕಿನಲ್ಲಿದ್ದರು, ಎಂಬತ್ತರ ಹತ್ತಿರದ ವಯಸ್ಸು. ಮುಂದಿನ ವಾರ ಗುಂಡನ್ನು ಅದೇ ಗೋಣಿಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಹಿಂತಿರುಗಿಸುವವನ ಸಮಾಧಾನವನ್ನು ಮುಂಚಿತವಾಗಿಯೇ ಅನುಭವಿಸುತ್ತಿದ್ದೆ ಎಂದರೂ ತಪ್ಪಿಲ್ಲ. ಅವರು ಅದನ್ನು ಮಡಿಲಿಗೆ ತೆಗೆದುಕೊಂಡು, ಕೆಳಭಾಗದ ಸವೆತವನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿ, ‘ಇದು ನಮ್ಮದಲ್ಲ. ನಮ್ಮದು ಇದಕ್ಕಿಂತ ದಪ್ಪ, ಅಮ್ಮನ ಕೈಗೆ ಬರೋದೇ ಕಷ್ಟ ಇತ್ತು’ ಎಂದರು. ಹೊಳೆಯ ಸೆಳೆತಕ್ಕೆ ಪಕ್ಕದ ಮನೆಯದು ಉರುಳಿ ಬಂದಿರಬಹುದು, ಅಥವಾ ನನಗಿಂತ ಮೊದಲೇ ಯಾರೋ ಎತ್ತಿ ಅಲ್ಲಿ ಬಿಟ್ಟಿರಬಹುದು ಎಂದರು. ಹಾಗಾದರೆ ಮತ್ತೆ ಅಲ್ಲೇ ಇಟ್ಟು ಬರಲೇ ಎಂದು ಕೇಳಿದೆ. ‘ಯಾರದ್ದು ಅಂತ ಗೊತ್ತಿಲ್ಲದೆ ಎಲ್ಲಿ ಇಡ್ತೀರಿ?’ ಎಂದು ಕೇಳಿ, ಸೊಸೆಗೆ ಚಹಾ ಮಾಡಲು ಹೇಳಿದರು.

ಮುಳುಗಡೆಯಾದ ಊರಿನಲ್ಲಿ ಅವರ ಪಕ್ಕದ ಮನೆಯಲ್ಲಿದ್ದವರು ಎರಡು ಸಲ ಜಾಗ ಬದಲಿಸಿದ್ದಾರೆ. ಅವರ ಮೊಮ್ಮಗಳೊಬ್ಬಳು ಭದ್ರಾವತಿಯ ಕಡೆ ಇದ್ದಾಳೆಂದು ಈಚೆಗೆ ಕೇಳಿದ್ದೇನೆ. ಗುಂಡು ಸದ್ಯಕ್ಕೆ ನಮ್ಮ ಬಚ್ಚಲಿನ ಹಿಂದೆ ಗೋಣಿಯ ಮೇಲಿದೆ.